ಪೆನ್‌ಡ್ರೈವ್ ತುಂಬಿಸುವ ಮೊದಲು

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ಫೋನಿನ ಸಿಗ್ನಲ್ ಕೈಕೊಡುತ್ತದೆ. ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟದ ತಿರುವುಗಳಲ್ಲೂ ಅದೇ ಪಾಡು. ಕಾರವಾರದ ಬೈತಕೋಲ ಬಂದರಿನಿಂದ ಹೊರಟ ಬೋಟು ಒಂದಷ್ಟು ದೂರ ಹೋದಮೇಲೆ ಯಾವ ಕಂಪನಿಯ ಸಿಮ್ಮಾದರೂ ಒಂದೇ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಮಲಗುತ್ತದೆ. ಹೀಗಾಗಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಡು ಕೇಳಬೇಕೆಂದರೆ ಫೈಲು ಕೈಯಲ್ಲೇ ಇರಬೇಕು. ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ತುಂಬಿಸಿಕೊಂಡು ಬರುವ ರೂಢಿ ಬೆಳೆದದ್ದು ಬಹುಮಟ್ಟಿಗೆ ಇದರಿಂದಲೇ. ಈಗ ಅದೇ ಕೆಲಸವನ್ನು ಕದಿಯದೆ ಮಾಡಬಹುದು. ಕೆಲವು ಕಡೆ ದುಡ್ಡೂ ಬೇಕಾಗಿಲ್ಲ.

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಿ: ಹಾಡು ಬರಬೇಕಾದದ್ದು ಫೋನಿನಿಂದಲೋ, ಪೆನ್‌ಡ್ರೈವ್ ಸಿಕ್ಕಿಸುವ ಸೆಟ್ಟಿನಿಂದಲೋ? ಫೋನ್ ಆದರೆ ಹಾಡಿನ ಆಪಿಗೆ ಚಂದಾ ಕಟ್ಟುವುದು ಸಲೀಸು. ಕಾರು, ಬೋಟು, ಅಡಿಕೆ ಸುಲಿಯುವ ಅಂಗಳದ ಸ್ಪೀಕರ್ ಆದರೆ ಫೈಲನ್ನೇ ಕೊಳ್ಳಬೇಕು. ಈ ವ್ಯತ್ಯಾಸ ತಿಳಿಯದೆ ಚಂದಾ ಕಟ್ಟಿ, ಆಮೇಲೆ ‘ಪೆನ್‌ಡ್ರೈವಿಗೆ ಕಾಪಿ ಆಗ್ತಾ ಇಲ್ಲ’ ಎಂದು ಬೈದುಕೊಂಡು ಮತ್ತೆ ಹಳೆಯ ಅಂಗಡಿಗೇ ಹೋಗುವವರು ಬಹಳ.

ಫೋನಿನಲ್ಲಿ ಕೇಳುವವರಿಗೆ

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಜಿಯೋಸಾವನ್, ಆಪಲ್ ಮ್ಯೂಸಿಕ್, ಅಮೆಜಾನ್ ಮ್ಯೂಸಿಕ್ – ಯಾವುದನ್ನು ಆರಿಸಬೇಕೆಂಬುದಕ್ಕೆ ಒಂದೇ ಪರೀಕ್ಷೆ. ನೀವು ನಿಜವಾಗಿ ಕೇಳುವ ಹತ್ತು ಹಾಡುಗಳನ್ನು ಚೀಟಿಯಲ್ಲಿ ಬರೆದು, ದುಡ್ಡು ಕಟ್ಟುವ ಮೊದಲೇ ಆಪ್‌ನಲ್ಲಿ ಹುಡುಕಿ. ಹಳೆಯ ಕನ್ನಡ ಚಿತ್ರಗೀತೆ ಎಲ್ಲ ಕಡೆ ಸಿಗುತ್ತವೆ. ಭಾವಗೀತೆ, ಕೊಂಕಣಿ ಹಾಡು, ಬಡಗುತಿಟ್ಟಿನ ಯಕ್ಷಗಾನ ಪದ್ಯ ಒಂದರಲ್ಲಿದ್ದರೆ ಇನ್ನೊಂದರಲ್ಲಿರುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡಿದಾಗ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಕಾಗುಣಿತ ಬದಲಿಸಿ ನೋಡಿ. ಹಾಡು ಏರಿಸಿದವರು ‘ಯಕ್ಷಗಾನ’ವನ್ನೇ ಮೂರು ಬಗೆಯಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ನಾಲ್ಕು ಜನ ಕೇಳುವವರಿದ್ದರೆ ಒಬ್ಬೊಬ್ಬರು ಬೇರೆ ಕಟ್ಟುವ ಬದಲು ಫ್ಯಾಮಿಲಿ ಪ್ಲಾನ್ ನೋಡಿ. ಯೂಟ್ಯೂಬಿನಲ್ಲಿ ಒಂದೇ ಮನೆಯ ಆರು ಜನರವರೆಗೆ ಅವಕಾಶವಿದೆ. ಕಾಲೇಜು ಓದುವವರಿಗೆ ಬೇರೆ ದರ ಉಂಟು.

ಆಮೇಲೆ ಸೈಜಿನ ಲೆಕ್ಕ. ಸ್ಪಾಟಿಫೈನಲ್ಲಿ ‘ನಾರ್ಮಲ್’ ಎಂದರೆ 96 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಹಿಡಿಯುವ ಡೇಟಾದ ಅಳತೆ), ‘ಹೈ’ 160, ‘ವೆರಿ ಹೈ’ 320. ಐದು ನಿಮಿಷದ ಹಾಡು 96ರಲ್ಲಿ ಸುಮಾರು 3.6 ಎಂಬಿ, 160ರಲ್ಲಿ 6, 320ರಲ್ಲಿ 12. ಅಂದರೆ ನೂರು ಹಾಡಿಗೆ 360 ಎಂಬಿಯಿಂದ 1.2 ಜಿಬಿವರೆಗೆ. ಬಸ್ಸಿನ ಗದ್ದಲದಲ್ಲಿ, ಮಾಮೂಲಿ ಇಯರ್‌ಫೋನಿನಲ್ಲಿ 160ಕ್ಕೂ 320ಕ್ಕೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲ, 160 ಸಾಕು. ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕ್ ಇದ್ದರೆ ರಾತ್ರಿ ಹತ್ತರ ಮೇಲೆ, ಅವತ್ತು ಉಳಿದ ಡೇಟಾದಲ್ಲಿ ಇಳಿಸಿಕೊಳ್ಳಿ. ಹನ್ನೆರಡಕ್ಕೆ ಅದು ಹೇಗೂ ಹೋಗುವಂಥದ್ದು.

ಇಳಿಸುವಾಗ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಸೆಟ್ಟಿಂಗ್‌ನಲ್ಲಿ ‘ವೈಫೈ ಇದ್ದರೆ ಮಾತ್ರ’ ಎಂಬುದು ಮೊದಲಿಂದಲೇ ಆನ್ ಇರುತ್ತದೆ. ಮೊಬೈಲ್ ಡೇಟಾದಲ್ಲಿ ಇಳಿಸಬೇಕೆಂದರೆ ಆಫ್ ಮಾಡಿ. ಎರಡನೆಯದು ಬ್ಯಾಟರಿ ಉಳಿಸುವ ವ್ಯವಸ್ಥೆ. ಪರದೆ ಆರಿದ ಕೂಡಲೇ ಅದು ಆಪ್‌ಅನ್ನು ಮಲಗಿಸುವುದರಿಂದ ಇಪ್ಪತ್ತು ಹಾಡು ಇಳಿದು ಎಂಬತ್ತು ಹಾಗೇ ನಿಂತಿರುತ್ತವೆ. ಚಾರ್ಜಿಗೆ ಹಾಕಿ, ಆಪ್ ತೆರೆದಿಟ್ಟೇ ಇಳಿಸಿ. ಕೊನೆಯದು ಎಸ್‌ಡಿ ಕಾರ್ಡ್: ಹಾಡುಗಳನ್ನು ಕಾರ್ಡಿಗೆ ಇಳಿಸುವಂತೆ ಇಟ್ಟು, ನಡುವೆ ಕಾರ್ಡ್ ಬದಲಿಸಿದರೆ ಎಲ್ಲವನ್ನೂ ಮೊದಲಿಂದ ಇಳಿಸಬೇಕು. ಎಲ್ಲ ಮುಗಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದೆರಡು ಹಾಡು ನುಡಿಸಿ ನೋಡಿ. ಘಟ್ಟದ ನಡುವೆ ಗೊತ್ತಾಗುವುದಕ್ಕಿಂತ ಮನೆಯಲ್ಲೇ ಗೊತ್ತಾಗಲಿ.

ಇಳಿಸಿದ್ದು ಶಾಶ್ವತವೂ ಅಲ್ಲ. 30 ದಿನಕ್ಕೊಮ್ಮೆಯಾದರೂ ಫೋನು ಇಂಟರ್ನೆಟ್ ಕಾಣಬೇಕು, ಇಲ್ಲವಾದರೆ ಹಾಡುಗಳು ಮುಚ್ಚಿಕೊಳ್ಳುತ್ತವೆ. ಬೋಟಿನಲ್ಲಿ ವಾರಗಟ್ಟಲೆ ಇರುವವರು ಹೊರಡುವ ಹಿಂದಿನ ದಿನ ಆಪ್ ಒಮ್ಮೆ ತೆರೆದಿದ್ದರೆ ತೊಂದರೆಯಿಲ್ಲ. ಚಂದಾ ನಿಂತರೆ ಇಳಿಸಿದ್ದೂ ನಿಲ್ಲುತ್ತದೆ. ಇದು ಬಾಡಿಗೆ ಮನೆ ಇದ್ದ ಹಾಗೆ, ಬಾಡಿಗೆ ಕಟ್ಟಿದಷ್ಟು ದಿನ.

ದುಡ್ಡು ಕಟ್ಟುವಾಗ ಯುಪಿಐ ಆಟೋಪೇ ಕೇಳುತ್ತದೆ. ಅದಕ್ಕೆ ಹೆದರಬೇಕಿಲ್ಲ, ನಿಲ್ಲಿಸುವ ದಾರಿ ಗೊತ್ತಿರಬೇಕು ಅಷ್ಟೆ. ಆಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ‘ಒಂದು ತಿಂಗಳು ಫ್ರೀ’ ಎಂದು ಶುರು ಮಾಡಿ ಆಪ್ ತೆಗೆದುಹಾಕಿದವರ ಖಾತೆಯಿಂದ ತಿಂಗಳು ತಿಂಗಳು ಹಣ ಹೋಗುವುದು ಹೀಗೆ. ಆಪ್‌ನ ಅಥವಾ ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿ ರದ್ದು ಮಾಡಿ, ಆಮೇಲೆ ನಿಮ್ಮ ಯುಪಿಐ ಆಪ್‌ನ ‘ಆಟೋಪೇ’ ವಿಭಾಗದಲ್ಲಿ ಆ ಮ್ಯಾಂಡೇಟ್ (ಹಣ ಕಡಿತಕ್ಕೆ ನೀವು ಕೊಟ್ಟ ಒಪ್ಪಿಗೆ) ಹೋಗಿದೆಯೇ ನೋಡಿ. ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜನ್ನು ಜಾಹೀರಾತೆಂದು ಅಳಿಸಬೇಡಿ.

ಇಷ್ಟು ಕಟ್ಟಿದರೆ ಹಾಡಿದವರಿಗೆ ಏನು ಸಿಗುತ್ತದೆ? ಒಂದು ಸಲ ಕೇಳಿದ್ದಕ್ಕೆ ಸಿಗುವುದು ತೀರಾ ಕಡಿಮೆ, ಇದನ್ನು ಮುಚ್ಚಿಡುವುದೇನಿಲ್ಲ. ಬಂದ ಹಣವೆಲ್ಲ ಒಂದು ರಾಶಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿನ ಪಾಲೆಷ್ಟೋ ಅದರ ಮೇಲೆ ಹಂಚಿಕೆಯಾಗುತ್ತದೆ. ಧ್ವನಿಮುದ್ರಣದ ಪಾಲು ಕಂಪನಿಗೆ ಅಥವಾ ಹಾಡನ್ನು ಏರಿಸಿದವರಿಗೆ ಹೋಗುತ್ತದೆ. ಸಾಹಿತ್ಯ ಬರೆದವರ, ರಾಗ ಹಾಕಿದವರ ಪಾಲನ್ನು 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆ ತನ್ನ ಸದಸ್ಯರಿಗಾಗಿ ವಸೂಲು ಮಾಡುತ್ತದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಬಂದಮೇಲೆ ಈ ರಾಯಧನವನ್ನು ಬರೆದವರಿಂದ ಕಂಪನಿ ಬರೆಸಿಕೊಳ್ಳುವಂತಿಲ್ಲ. ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಯಿಂದ ಇವರ್ಯಾರಿಗೂ ಒಂದು ಪೈಸೆ ಇಲ್ಲ, ಆದರೆ ಅಂಗಡಿಯವನಿಗೆ ನೀವು ದುಡ್ಡು ಕೊಟ್ಟೇ ಬಂದಿರುತ್ತೀರಿ.

ಪೆನ್‌ಡ್ರೈವಿಗೆ ಹಾಕಲೇಬೇಕೆಂದರೆ

ಕೊಳ್ಳಲು ದಾರಿ ಮೂರು. ಐಟ್ಯೂನ್ಸ್ ಸ್ಟೋರ್‌ನಲ್ಲಿ ಕೊಂಡ ಹಾಡು 256 ಕೆಬಿಪಿಎಸ್‌ನ ಎಂ4ಎ ಫೈಲು. ಬೀಗ ಇರುವುದಿಲ್ಲ, ಎಲ್ಲಿಗೆ ಬೇಕಾದರೂ ಕಾಪಿ ಆಗುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಐಟ್ಯೂನ್ಸ್ ಹಾಕಿಕೊಳ್ಳಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಸ್ವತಂತ್ರವಾಗಿ ಹಾಡುವವರು ತಾವೇ ಮಾರುತ್ತಾರೆ. ಆ ತಾಣ ಡಿಜಿಟಲ್ ಮಾರಾಟದಲ್ಲಿ 15% ಹಿಡಿದುಕೊಳ್ಳುತ್ತದೆ. ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ. ಕಲಾವಿದರ ಕೈಗೆ ಹೆಚ್ಚು ತಲುಪುವ ದಾರಿ ಇದೇ. ಇಲ್ಲಿ ಎಂಪಿ3 320, ಫ್ಲ್ಯಾಕ್, ವೇವ್ ಹೀಗೆ ಬೇಕಾದ ರೂಪದಲ್ಲಿ ಇಳಿಸಿಕೊಳ್ಳಬಹುದು. ಪಾವತಿ ವಿದೇಶಕ್ಕೆ ಹೋಗುವುದರಿಂದ ಬ್ಯಾಂಕ್ ಆಪ್‌ನಲ್ಲಿ ಕಾರ್ಡಿನ ‘ಇಂಟರ್‌ನ್ಯಾಷನಲ್’ ಬಳಕೆ ಆನ್ ಮಾಡಬೇಕು, ಕೆಲಸವಾದ ಮೇಲೆ ಮರೆಯದೆ ಆಫ್ ಮಾಡಬೇಕು. ಮೂರನೆಯದು ಸಿಡಿ. ಯಕ್ಷಗಾನದ ಆಟದ ಬಯಲಿನಲ್ಲಿ, ಸಂಗೀತ ಸಮ್ಮೇಳನದ ಬಾಗಿಲಲ್ಲಿ ಈಗಲೂ ಸಿಗುತ್ತವೆ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಹಾಕಿ, ಫ್ರೀ:ಎಸಿ ತಂತ್ರಾಂಶದಿಂದ ಎಂಪಿ3 ಮಾಡಿಕೊಳ್ಳಿ.

ಇನ್ನು ಸೆಟ್ಟಿನ ಹಟಮಾರಿತನ. ಹೆಚ್ಚಿನ ಕಾರ್ ಸ್ಟೀರಿಯೊಗಳು ಫ್ಯಾಟ್32 ಎಂಬ ಫಾರ್ಮ್ಯಾಟ್ ಮಾತ್ರ ಓದುತ್ತವೆ. 64 ಜಿಬಿಯ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿ ಬಂದಿರುವುದರಿಂದ ‘ನೋ ಫೈಲ್’ ಎನ್ನುತ್ತದೆ. 16 ಅಥವಾ 32 ಜಿಬಿಯದನ್ನೇ ಕೊಂಡು, ಫಾರ್ಮ್ಯಾಟ್ ಮಾಡುವಾಗ ಫ್ಯಾಟ್32 ಆರಿಸಿ. ಹಳೆಯ ಸೆಟ್ಟು ಎಂ4ಎ ಓದದಿದ್ದರೆ ಎಂಪಿ3ಗೆ ಬದಲಿಸಿ, ಮೂಲ ಫೈಲನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳಿ. ಬದಲಿಸುವಾಗ ಸ್ಥಿರ ಬಿಟ್‌ರೇಟ್ ಇಡಿ. ಏರಿಳಿಯುವ ಬಿಟ್‌ರೇಟ್ ಇದ್ದರೆ ಕೆಲವು ಸೆಟ್ಟುಗಳಲ್ಲಿ ನಾಲ್ಕು ನಿಮಿಷದ ಹಾಡಿಗೆ ಹನ್ನೊಂದು ನಿಮಿಷ ಎಂದು ತೋರಿಸುತ್ತದೆ. ಕನ್ನಡ ಅಕ್ಷರದ ಹೆಸರುಗಳು ಚೌಕ ಚೌಕ ಡಬ್ಬಿಗಳಾಗಿ ಕಾಣುವುದರಿಂದ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬಹಳ ಸೆಟ್ಟುಗಳು ಹೆಸರಿನ ಕ್ರಮ ನೋಡದೆ ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. 01, 02 ಎಂದು ಅಂಕಿ ಹಾಕಿ, ಆ ಸಾಲಿನಲ್ಲೇ ಒಂದೊಂದಾಗಿ ಕಾಪಿ ಮಾಡಿದರೆ ಪ್ರಸಂಗದ ಪದ್ಯಗಳು ಹಿಂದುಮುಂದಾಗುವುದಿಲ್ಲ.

ಆಟದ ಪದ್ಯ

ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಮೆಟ್ಟುಗತ್ತಿ ಹಾಕಿ ಕುಳಿತವರಿಗೆ ಮೂರು ನಿಮಿಷದ ಹಾಡು ಸಾಲುವುದಿಲ್ಲ, ಇಡೀ ಪ್ರಸಂಗವೇ ಬೇಕು. ಅತಿ ಹೆಚ್ಚು ಕಳ್ಳಪ್ರತಿ ಓಡಾಡುವುದೂ ಇದರಲ್ಲೇ. ಯಾರೋ ದುಡ್ಡು ಹಾಕಿ, ಮೈಕಿನವರ ಮಿಕ್ಸರಿನಿಂದ ವಯರ್ ಎಳೆದು ಮುದ್ರಿಸಿದ್ದನ್ನು ಮತ್ಯಾರೋ ತಮ್ಮ ಚಾನೆಲ್ಲಿಗೆ ಏರಿಸಿಬಿಡುತ್ತಾರೆ.

ಇದನ್ನು ಸರಿಯಾಗಿ ಪಡೆಯುವುದು ಸುಲಭ. ಮೇಳಗಳು, ಭಾಗವತರು, ಆಟ ಮುದ್ರಿಸುವವರು ತಮ್ಮದೇ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಅಲ್ಲಿ ಕೇಳಿದರೆ ನಿಮಗೆ ಖರ್ಚಿಲ್ಲ. ಚಾನೆಲ್ಲಿಗೆ ಜಾಹೀರಾತು ಸೇರಿದ್ದರೆ ಆ ಹಣದ 55% ಚಾನೆಲ್ಲಿನವರಿಗೆ ಹೋಗುತ್ತದೆ. ಜಾಹೀರಾತು ಸೇರಲು 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಸಣ್ಣ ಮೇಳಕ್ಕೆ ನೀವು ಒತ್ತುವ ಸಬ್‌ಸ್ಕ್ರೈಬ್ ಗುಂಡಿ ದುಡ್ಡಿನ ಸಮಾನ ಎನ್ನುವುದು ಇದಕ್ಕೇ. ಅಸಲಿ ಚಾನೆಲ್ ಗುರುತಿಸಲು ಚಾನೆಲ್ಲಿನ ವಿವರಣೆ ನೋಡಿ: ಮೇಳದ ಊರು, ಫೋನ್ ನಂಬರ್, ಮುಂದಿನ ಆಟಗಳ ಪಟ್ಟಿ ಇರುತ್ತದೆ. ಹತ್ತು ಮೇಳದ ತುಣುಕು, ಎರಡು ಸಿನಿಮಾ ಹಾಡು, ಒಂದು ಭವಿಷ್ಯವಾಣಿ ಒಟ್ಟಿಗೆ ಇದ್ದರೆ ಅದು ಕದ್ದು ಪೇರಿಸಿದ್ದು.

ಫೈಲೇ ಬೇಕೆಂದರೆ ಮುದ್ರಿಸಿದವರಿಗೆ ಫೋನ್ ಮಾಡಿ ಕೇಳಿ. ‘ಪೂರ್ತಿ ರಾತ್ರಿಯ ಆಡಿಯೊ, ಎಂಪಿ3, 128 ಕೆಬಿಪಿಎಸ್’ ಎಂದು ಸ್ಪಷ್ಟವಾಗಿ ಹೇಳಿ. ಎಂಟು ಗಂಟೆಯ ಆಟ ಈ ಲೆಕ್ಕದಲ್ಲಿ ಸುಮಾರು 460 ಎಂಬಿ, ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹತ್ತಾರು ಆಟ ಹಿಡಿಯುತ್ತವೆ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಬಂದ ಎಂಟು ಗಂಟೆಯ ಒಂದೇ ಫೈಲನ್ನು ಹಾಗೇ ಹಾಕಬೇಡಿ. ಕರೆಂಟ್ ಹೋಗಿ ಬಂದರೆ ಸೆಟ್ಟು ಮತ್ತೆ ಆಟದ ಆರಂಭದ ಸಭಾಲಕ್ಷಣದಿಂದ ಶುರುಮಾಡುತ್ತದೆ. ಎಂಪಿ3ಡೈರೆಕ್ಟ್‌ಕಟ್ ಎಂಬ ಸಣ್ಣ ಉಚಿತ ತಂತ್ರಾಂಶದಲ್ಲಿ ಅರ್ಧರ್ಧ ಗಂಟೆಯ ತುಂಡು ಮಾಡಿಕೊಳ್ಳಿ. ಅದು ಹಾಡನ್ನು ಮತ್ತೆ ಒತ್ತಿ ಕುಗ್ಗಿಸುವುದಿಲ್ಲವಾದ್ದರಿಂದ ಗುಣಮಟ್ಟ ಕೆಡುವುದಿಲ್ಲ. ಪದ್ಯದ ನಡುವೆ ಕತ್ತರಿಸದೆ ಅರ್ಥ ಹೇಳುವಲ್ಲಿ ಕತ್ತರಿಸಿ.

‘ಹಳೇ ಪ್ರಸಂಗ, ಯಾರ ಹಕ್ಕು ಅದಕ್ಕೆ?’ ಎಂಬ ವಾದ ಕೇಳಿಬರುತ್ತದೆ. ಅರ್ಧ ಸರಿ. ಬರೆದವರು ತೀರಿ 60 ವರ್ಷ ಕಳೆದಿದ್ದರೆ ಸಾಹಿತ್ಯ ಎಲ್ಲರದೂ. ಆದರೆ ಧ್ವನಿಮುದ್ರಣಕ್ಕೆ ಬೇರೆಯೇ 60 ವರ್ಷದ ಹಕ್ಕಿದೆ. ಹಾಡಿದ, ಕುಣಿದ ಕಲಾವಿದರ ಪ್ರದರ್ಶನಕ್ಕೆ 50 ವರ್ಷದ ಹಕ್ಕಿದೆ. ಅಂಕೋಲಾ ಬಡಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದ ಹಾಲಕ್ಕಿ ಪದಗಳು ಇಡೀ ಸಮುದಾಯದ್ದು, ಯಾರು ಬೇಕಾದರೂ ಕಲಿತು ಹಾಡಬಹುದು. ಆದರೆ ಅವರ ದನಿಯ ಮುದ್ರಣವನ್ನು ಕಾಪಿ ಮಾಡಿ ಮಾರುವುದು ಬೇರೆ ಮಾತು. ಆಟಕ್ಕೆ ಹೋಗಿ ನಿಮ್ಮ ಫೋನಿನಲ್ಲಿ ನಿಮಗಾಗಿ ಮುದ್ರಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಅದನ್ನು ಏರಿಸುವ ಮೊದಲು ಕಲಾವಿದರನ್ನು ಕೇಳಬೇಕು. ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ ಕೇಳಿದರೆ ಬಹುತೇಕರು ಒಪ್ಪುತ್ತಾರೆ, ಮೇಳದ ಹೆಸರು ಹಾಕಿ ಎನ್ನುತ್ತಾರೆ, ಅಷ್ಟೆ.

ಕದ್ದ ಫೈಲು ಕೊಡುವ ಕಾಟ

ಕಳ್ಳತಾಣದ ‘320’ ಎಷ್ಟೋ ಸಲ ಸುಳ್ಳು. 128ರ ಫೈಲನ್ನೇ 320ಕ್ಕೆ ಉಬ್ಬಿಸಿರುತ್ತಾರೆ. ಗಾತ್ರ ದೊಡ್ಡದು, ದನಿ ಅದೇ. ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲನ್ನು ಎಳೆದು ಹಾಕಿ. ಚಿತ್ರದಲ್ಲಿ ಬಣ್ಣ 16 ಕಿಲೋಹರ್ಟ್ಸ್ ಹತ್ತಿರ ಗೆರೆ ಎಳೆದ ಹಾಗೆ ನಿಂತುಬಿಟ್ಟಿದ್ದರೆ ಅದು 128ರ ಮಾಲು. ನಿಜವಾದ 320 ಸುಮಾರು 20ರವರೆಗೆ ಏರುತ್ತದೆ. ಗಾಯಕರ ಹೆಸರಿರಬೇಕಾದಲ್ಲಿ ತಾಣದ ಹೆಸರು ತುರುಕಿರುವುದು ಇನ್ನೊಂದು ಗುರುತು.

ನಿಜವಾದ ಅಪಾಯ ಹಾಡಿನಲ್ಲಿಲ್ಲ, ಅದರ ಜೊತೆ ಬರುವುದರಲ್ಲಿದೆ. ಅಂಗಡಿಯ ಕಂಪ್ಯೂಟರಿಗೆ ಹಾಕಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ 1–2 ಕೆಬಿಯ ಶಾರ್ಟ್‌ಕಟ್ ಆಗಿದ್ದರೆ ಅದು ವೈರಸ್. ಡಬಲ್ ಕ್ಲಿಕ್ ಮಾಡಬೇಡಿ, ಮೊದಲು ಸ್ಕ್ಯಾನ್ ಮಾಡಿ. ‘ಪ್ರೀಮಿಯಂ ಫ್ರೀ’ ಎಂದು ಟೆಲಿಗ್ರಾಮಿನಲ್ಲಿ ಬರುವ ಮಾಡ್ ಎಪಿಕೆಗಳದು (ಯಾರೋ ತಿದ್ದಿದ ಆಪ್ ಫೈಲುಗಳದು) ಇನ್ನೂ ಕೆಟ್ಟದ್ದು. ಹಾಡು ನುಡಿಸುವ ಆಪ್‌ಗೆ ಎಸ್‌ಎಂಎಸ್ ಓದುವ ಅನುಮತಿ, ಆಕ್ಸೆಸಿಬಿಲಿಟಿ ಅನುಮತಿ ಯಾಕೆ ಬೇಕು? ಅದು ಕೇಳುತ್ತಿರುವುದು ನಿಮ್ಮ ಒಟಿಪಿಯನ್ನು. ಫೋನಿನ ಕಾವಲು ವ್ಯವಸ್ಥೆಯಾದ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದು ಸೂಚನೆ ಕೊಟ್ಟರೆ ಅಲ್ಲಿಗೇ ಬಿಡಿ. ಹಾಕಿಬಿಟ್ಟಿದ್ದರೆ ನೆಟ್ ಆಫ್ ಮಾಡಿ ಆಪ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾನೂನು ಇರುವುದು ಹೀಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಹಕ್ಕಿನ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕೋರ್ಟ್ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಇದು ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹೆಚ್ಚು ಎಚ್ಚರ ಬೇಕಾದದ್ದು ಕಾರ್ಡ್ ತುಂಬಿಸಿ ಕೊಡುವ ಅಂಗಡಿಯವರಿಗೆ, ಏಕೆಂದರೆ ಅವರದು ವ್ಯಾಪಾರ. ಮದುವೆ ಮನೆಯಲ್ಲಿ, ದಿಬ್ಬಣದಲ್ಲಿ ಹಾಡು ಹಾಕಲು ಲೈಸೆನ್ಸ್ ಬೇಡ. ಅದೇ ಕಾಯ್ದೆಯ 52ನೇ ಕಲಮು ಅದಕ್ಕೆ ವಿನಾಯಿತಿ ಕೊಟ್ಟಿದೆ. ಗೋಕರ್ಣದ ಹೋಂಸ್ಟೇ, ಹೋಟೆಲ್ಲಿನಲ್ಲಿ ಗಿರಾಕಿಗಳಿಗೆ ಹಾಕುವುದಕ್ಕೆ ಈ ವಿನಾಯಿತಿ ಇಲ್ಲ, ಮನೆಬಳಕೆಯ ಚಂದಾ ಅದಕ್ಕೆ ಆಗುವುದೂ ಇಲ್ಲ.

ಅಟ್ಟದ ಮೇಲಿನ ಕ್ಯಾಸೆಟ್

ಎಷ್ಟೋ ಹಳೆಯ ಪ್ರಸಂಗಗಳು ಯಾವ ಆಪ್‌ನಲ್ಲೂ ಇಲ್ಲ, ಮನೆಯ ಅಟ್ಟದ ಮೇಲಿವೆ. ದುಡ್ಡು ಕೊಟ್ಟು ಕೊಂಡ ಕ್ಯಾಸೆಟ್ಟನ್ನು ಸ್ವಂತಕ್ಕೆ ಕೇಳಲು ಫೈಲು ಮಾಡಿಕೊಳ್ಳುವುದು ಖಾಸಗಿ ಬಳಕೆಯ ಲೆಕ್ಕಕ್ಕೆ ಬರುತ್ತದೆ. ಊರಿಗೆಲ್ಲ ಹಂಚಿದರೆ ಬರುವುದಿಲ್ಲ.

ಮೊದಲು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಕರಾವಳಿಯ ಮಳೆಗಾಲ ಕಂಡ ಟೇಪಿನ ಅಂಚಿಗೆ ಬಿಳಿ ಪುಡಿ ಕೂತಿದ್ದರೆ ಬೂಷ್ಟು. ಅದನ್ನು ಹಾಗೇ ಓಡಿಸಿದರೆ ಪ್ಲೇಯರಿನ ಹೆಡ್ಡಿಗೂ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ನಿಧಾನ ಸುತ್ತುತ್ತ ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಆಮೇಲೆ ತೆರೆದ ಬದಿಯ ನಡುಮಧ್ಯೆ, ಟೇಪಿನ ಹಿಂದೆ, ತಾಮ್ರದ ಪಟ್ಟಿಗೆ ಅಂಟಿಸಿದ ಅಕ್ಕಿಕಾಳಿನಷ್ಟು ದೊಡ್ಡ ಪ್ಯಾಡ್ ಇದೆಯೇ ನೋಡಿ. ಗೋಂದು ಒಣಗಿ ಅದು ಬಿದ್ದುಹೋಗಿದ್ದರೆ ದನಿ ಮಂದವಾಗಿ, ಬಂದು ಹೋಗಿ ಮಾಡುತ್ತದೆ. ಐದು ಸ್ಕ್ರೂ ಬಿಚ್ಚಿ ಎರಡೂ ಸುರುಳಿಯನ್ನು ಬೇರೊಂದು ಒಳ್ಳೆಯ ಡಬ್ಬಿಗೆ ಹಾಕಿದರೆ ಸರಿಹೋಗುತ್ತದೆ. ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಅಂಟಿದ ಸುತ್ತು ಬಿಡುತ್ತದೆ. ಪ್ಲೇಯರಿನ ಹೆಡ್ಡನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ಐದು ನಿಮಿಷ ಒಣಗಲು ಬಿಡಿ. ರಬ್ಬರ್ ಗಾಲಿಗೆ ನೀರು ತಾಗಿಸಿದ ಬಟ್ಟೆ ಸಾಕು.

ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಎಳೆದ ವಯರನ್ನು ಲ್ಯಾಪ್‌ಟಾಪಿನ ಒಂದೇ ತೂತಿಗೆ ನೇರ ಸಿಕ್ಕಿಸಬೇಡಿ; ಅದು ಮೈಕಿಗಾಗಿ ಇರುವುದು, ದನಿ ಒಡೆಯುತ್ತದೆ. ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಆಡಾಸಿಟಿ ಎಂಬ ಮುದ್ರಣ ತಂತ್ರಾಂಶದಲ್ಲಿ ಸ್ಟೀರಿಯೊ, 44,100 ಹರ್ಟ್ಸ್ ಇಟ್ಟು, ಚಂಡೆ ಏರಿದಾಗಲೂ ಮೀಟರು −6 ಡೆಸಿಬೆಲ್ ದಾಟದಂತೆ ಪ್ಲೇಯರಿನ ವಾಲ್ಯೂಮ್ ಇಳಿಸಿ. ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷ, ವೇವ್ ಫೈಲಾದರೆ ಸುಮಾರು 300 ಎಂಬಿ.

ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿದರೆ ಹೆಡ್ಡಿನ ಕೋನ ತಪ್ಪಿದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವಿನ ಈಗಿನ ಸ್ಥಾನಕ್ಕೆ ಗುರುತು ಹಾಕಿಕೊಂಡು, ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸುತ್ತ ಭಾಗವತರ ಕೈತಾಳವನ್ನೇ ಕೇಳಿ. ತಾಳದ ಕಿಣಿ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಬೆಲ್ಟ್ ಸಡಿಲಾಗಿದ್ದರೆ ಶ್ರುತಿಯೇ ಇಳಿಯುತ್ತದೆ. ಶ್ರುತಿಪೆಟ್ಟಿಗೆಯ ಜೊತೆ ಹೋಲಿಸಿ, ಬೆಲ್ಟ್ ಬದಲಿಸಿಯೇ ಮುದ್ರಿಸುವುದು ಒಳ್ಳೆಯದು. ಹಿಸ್ ಸದ್ದು ತೆಗೆಯಲು ಯಾರೂ ಹಾಡದ ಎರಡು ಸೆಕೆಂಡಿನ ಜಾಗ ಆರಿಸಿ, ನಾಯ್ಸ್ ಪ್ರೊಫೈಲ್ ತೆಗೆದುಕೊಂಡು, 6ರಿಂದ 8 ಡೆಸಿಬೆಲ್ ಮಾತ್ರ ಇಳಿಸಿ. ಆಸೆಗೆ ಬಿದ್ದು 15 ಮಾಡಿದರೆ ಮದ್ದಳೆ ನೀರೊಳಗೆ ಬಾರಿಸಿದಂತಾಗುತ್ತದೆ. ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನು ಎಸೆಯಬೇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ನಿಲ್ಲಿಸಿ ಇಡಿ. ಜೆಲ್ಲನ್ನು ಮಳೆಗಾಲಕ್ಕೆ ಮೊದಲು ಒಮ್ಮೆ ಬದಲಿಸಿ.